ಲೆಕ್ಕ ಕೇಳಿದ ಮಾಸ್ತರರು
ಗೋಪಾಲ ಕೃಷ್ಣ ಗೋಖಲೆಯವರ ಶಾಸನಸಭೆಯ ಬದುಕು

ಮುಂಬಯಿ, ಪುಣೆಗಳಲ್ಲಿ ಓದುವ ನಮಗೆಲ್ಲ ಗೋಖಲೆ ಎಂದರೆ ಮೊದಲು ನೆನಪಾಗುವುದು ಒಂದು ರಸ್ತೆ. ದಾದರಿನಲ್ಲಿ ಗೋಖಲೆ ರೋಡ್ ಇದೆ. ಪುಣೆಯಲ್ಲಿ ಅರ್ಥಶಾಸ್ತ್ರ ಓದುವವರಿಗೆ ಗೋಖಲೆ ಇನ್‌ಸ್ಟಿಟ್ಯೂಟ್ ಇದೆ. ಶಾಲೆಯ ಪುಸ್ತಕದಲ್ಲಿ ಅವರಿಗೆ ಸಿಕ್ಕಿರುವುದು ಒಂದೇ ಸಾಲು: ಮಹಾತ್ಮಾ ಗಾಂಧಿಯವರ ರಾಜಕೀಯ ಗುರು. ಪರೀಕ್ಷೆಯಲ್ಲಿ ಅಷ್ಟು ಬರೆದರೆ ಒಂದು ಮಾರ್ಕು ಬರುತ್ತದೆ, ಅಲ್ಲಿಗೆ ಮುಗಿಯಿತು.

ಆದರೆ ಶಿಷ್ಯನ ಹೆಸರಿನಿಂದ ಗುರುವನ್ನು ಗುರುತಿಸುವುದು ಅಷ್ಟು ನ್ಯಾಯವಲ್ಲ. ಗೋಖಲೆಯವರು ತಮ್ಮಷ್ಟಕ್ಕೆ ತಾವೇ ಒಂದು ದೊಡ್ಡ ಕೆಲಸ ಮಾಡಿದವರು. ಈ ದೇಶದಲ್ಲಿ ಸರ್ಕಾರವನ್ನು ಅದರ ಸಭೆಯಲ್ಲೇ ನಿಲ್ಲಿಸಿ, ಅದರ ಪುಸ್ತಕದ ಅಂಕಿಗಳನ್ನೇ ಹಿಡಿದು, ನಮ್ಮ ಹಣ ಎಲ್ಲಿ ಹೋಯಿತು ಎಂದು ವರ್ಷ ವರ್ಷವೂ ಬಿಡದೆ ಕೇಳಿದ ಮೊದಲ ಸಾಲಿನ ಜನ ಅವರು. ಇಂದು ಪಾರ್ಲಿಮೆಂಟಿನಲ್ಲಿ ವಿರೋಧ ಪಕ್ಷದವರು ಬಜೆಟ್ಟಿನ ಮೇಲೆ ಮಾತಾಡಲು ಎದ್ದು ನಿಂತಾಗ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಅವರು ತುಳಿಯುವುದು ಗೋಖಲೆ ತುಳಿದ ದಾರಿಯನ್ನೇ.

*

ಅವರು ಹುಟ್ಟಿದ್ದು 1866ನೇ ಇಸವಿ ಮೇ 9ರಂದು, ಕೊಂಕಣದ ರತ್ನಾಗಿರಿ ಜಿಲ್ಲೆಯ ಕೋತಳೂಕ ಎಂಬ ಹಳ್ಳಿಯಲ್ಲಿ. ತಂದೆ ಕೃಷ್ಣರಾಯರು ಕಾಗಲ್ ಸಂಸ್ಥಾನದಲ್ಲಿ ಗುಮಾಸ್ತರಾಗಿ ಸೇರಿ ಮುಂದೆ ಪೊಲೀಸ್ ಅಧಿಕಾರಿಯಾದವರು. ನಿಪ್ಪಾಣಿಯಿಂದ ಕೊಲ್ಲಾಪುರಕ್ಕೆ ಬಸ್ಸಿನಲ್ಲಿ ಹೋಗುವವರಿಗೆ ಕಾಗಲ್ ಗೊತ್ತಿರುತ್ತದೆ, ನಮ್ಮ ಗಡಿಗೆ ತಾಗಿದ ಊರು. ಗೋಪಾಲನಿಗೆ 13 ವರ್ಷವಾಗುವ ಹೊತ್ತಿಗೆ, 1879ರಲ್ಲಿ, ತಂದೆ ತೀರಿಕೊಂಡರು. ಮನೆಯಲ್ಲಿ ಉಳಿತಾಯವೆಂಬುದು ಇರಲಿಲ್ಲ.

ಅಣ್ಣ ಗೋವಿಂದರಾಯ ಓದು ಬಿಟ್ಟು ತಿಂಗಳಿಗೆ 15 ರೂಪಾಯಿಯ ನೌಕರಿಗೆ ಸೇರಿದ. ಆ ಹದಿನೈದರಲ್ಲಿ 8 ರೂಪಾಯಿ ಕೊಲ್ಲಾಪುರದಲ್ಲಿ ಓದುತ್ತಿದ್ದ ತಮ್ಮನಿಗೆ ಕಳಿಸುತ್ತಿದ್ದ. ಉಳಿದ ಏಳರಲ್ಲಿ ಇಡೀ ಸಂಸಾರ. ತಮ್ಮನನ್ನು ಕಾಲೇಜಿಗೆ ಕಳಿಸುವ ಪ್ರಶ್ನೆ ಬಂದಾಗ ಅತ್ತಿಗೆ ತಮ್ಮ ಒಡವೆಗಳನ್ನೇ ಕೊಡಲು ಮುಂದಾದರಂತೆ. ಹುಡುಗ ಬೀದಿ ದೀಪದ ಕೆಳಗೆ ಓದಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗಂತೂ ದೀಪಕ್ಕಿಂತ ಆ ಎಂಟು ರೂಪಾಯಿಯ ಲೆಕ್ಕವೇ ಹೆಚ್ಚು ಮುಖ್ಯ ಅನ್ನಿಸುತ್ತದೆ. ಒಂದೊಂದು ಆಣೆಯೂ ಯಾರದೋ ಹೊಟ್ಟೆಯಿಂದ ಬಂದದ್ದು ಎಂಬುದು ಚಿಕ್ಕಂದಿನಲ್ಲೇ ಗೊತ್ತಾದವನು, ಮುಂದೆ ಸರ್ಕಾರದ ಕೋಟಿಗಳನ್ನು ನೋಡುವ ಕಣ್ಣೇ ಬೇರೆಯಾಗಿರುತ್ತದೆ.

ಕೊಲ್ಲಾಪುರದ ರಾಜಾರಾಮ ಕಾಲೇಜು, ಪುಣೆಯ ಡೆಕ್ಕನ್ ಕಾಲೇಜು, ಕೊನೆಗೆ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜು, ಹೀಗೆ ಮೂರು ಕಡೆ ಓದಿ 1884ರಲ್ಲಿ ಬಿ.ಎ. ಮುಗಿಸಿದರು. ಆಗ ಅವರಿಗೆ 18 ವರ್ಷ. ಅಷ್ಟು ಓದಿದವನಿಗೆ ಅಂದು ಸರ್ಕಾರಿ ನೌಕರಿ ಕಷ್ಟವೇನೂ ಇರಲಿಲ್ಲ, ವಕೀಲಿಯಲ್ಲಂತೂ ಕೈತುಂಬ ಹಣ. ಗೋಖಲೆ ಹಿಡಿದದ್ದು ಪುಣೆಯ ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿ ತಿಂಗಳಿಗೆ 35 ರೂಪಾಯಿಯ ಮಾಸ್ತರಿಕೆ. ಟಿಳಕ, ಆಗರಕರ ಮೊದಲಾದವರು ಸೇರಿ ಕಟ್ಟಿದ ಡೆಕ್ಕನ್ ಎಜುಕೇಶನ್ ಸೊಸೈಟಿಗೆ ಆಜೀವ ಸದಸ್ಯರಾದರು. 20 ವರ್ಷ ಅಲ್ಪ ಸಂಬಳಕ್ಕೆ ದುಡಿಯುತ್ತೇನೆ ಎಂಬ ಪ್ರತಿಜ್ಞೆಯ ಸದಸ್ಯತ್ವ ಅದು. 1885ರಲ್ಲಿ ಆರಂಭವಾದ ಫರ್ಗ್ಯುಸನ್ ಕಾಲೇಜಿನಲ್ಲಿ ಅವರು ಇಂಗ್ಲಿಷ್ ಕಲಿಸಿದರು, ಗಣಿತ ಕಲಿಸಿದರು, ಇತಿಹಾಸ, ಅರ್ಥಶಾಸ್ತ್ರವನ್ನೂ ಕಲಿಸಿದರು. ಯಾವ ವಿಷಯಕ್ಕೆ ಮಾಸ್ತರರಿಲ್ಲವೋ ಆ ವಿಷಯಕ್ಕೆ ಗೋಖಲೆ! ಅವರು ಬರೆದ ಅಂಕಗಣಿತದ ಪಠ್ಯಪುಸ್ತಕ ಎಷ್ಟೋ ಶಾಲೆಗಳಲ್ಲಿ ನಡೆಯಿತು. ಮುಂದೆ ವೈಸರಾಯರ ಸಭೆಗೆ ಪಾಠ ಹೇಳಬೇಕಾದವರು ಮೊದಲು ಹುಡುಗರಿಗೆ ತ್ರೈರಾಶಿ ಕಲಿಸಿದ್ದರು ಅನ್ನಿ.

*

ಅವರನ್ನು ಸಾರ್ವಜನಿಕ ಜೀವನಕ್ಕೆ ತಿದ್ದಿ ತೀಡಿದವರು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ. ರಾನಡೆಯವರ ಶಾಲೆ ಬಹಳ ಬಿಗಿ. ಸರ್ಕಾರದ ವರದಿಗಳನ್ನು ರಾಶಿ ಹಾಕಿಕೊಂಡು ಓದಬೇಕು, ಅಂಕಿ ತೆಗೆಯಬೇಕು, ಅರ್ಜಿಯ ಕರಡು ಬರೆಯಬೇಕು. ಗುರುಗಳು ಅದನ್ನು ಹೊಡೆದುಹಾಕಿದರೆ ಮತ್ತೆ ಬರೆಯಬೇಕು. ಸಾರ್ವಜನಿಕ ಸಭೆಯ ಕಾರ್ಯದರ್ಶಿಯಾಗಿ, ಅದರ ತ್ರೈಮಾಸಿಕದ ಸಂಪಾದಕರಾಗಿ ಗೋಖಲೆ ಈ ಕೆಲಸವನ್ನು ವರ್ಷಗಟ್ಟಲೆ ಮಾಡಿದರು. ಸರ್ಕಾರ ಈ ಅರ್ಜಿಗಳಿಗೆ ಉತ್ತರ ಕೊಡುತ್ತಿದ್ದದ್ದು ಅಪರೂಪ. ಉತ್ತರ ಬರಲಿ ಬಿಡಲಿ, ಕೇಳುವವನ ಕೈ ಪಳಗಬೇಕು ಎಂಬುದು ರಾನಡೆಯವರ ಲೆಕ್ಕಾಚಾರ.

1897ರಲ್ಲಿ ಆ ಪಳಗಿದ ಕೈಗೆ ಮೊದಲ ಪರೀಕ್ಷೆ ಬಂತು. ಭಾರತದ ಖರ್ಚುವೆಚ್ಚಗಳ ವಿಚಾರಣೆಗೆಂದು ಲಂಡನ್ನಿನಲ್ಲಿ ವೆಲ್ಬಿ ಆಯೋಗ ಕೂತಿತ್ತು. ದಾದಾಭಾಯಿ ನವರೋಜಿಯವರು ಅದರ ಸದಸ್ಯರಲ್ಲೊಬ್ಬರು. ಸಾಕ್ಷ್ಯ ಹೇಳಲು ಇಲ್ಲಿಂದ ಹೋದವರು ದಿನಶಾ ವಾಚಾ, ಸುರೇಂದ್ರನಾಥ ಬ್ಯಾನರ್ಜಿ, ಮದರಾಸಿನ ಜಿ. ಸುಬ್ರಹ್ಮಣ್ಯ ಅಯ್ಯರ್ ಮತ್ತು ಎಲ್ಲರಿಗಿಂತ ಚಿಕ್ಕವರಾದ ಗೋಖಲೆ. ವಯಸ್ಸು 30. ಸೈನ್ಯದ ವೆಚ್ಚ, ಯುರೋಪಿಯನ್ ಅಧಿಕಾರಿಗಳ ಸಂಬಳ ಸಾರಿಗೆ, ವಿದ್ಯಾಭ್ಯಾಸಕ್ಕೆ ಕೊಡುವ ಪುಡಿಗಾಸು, ಒಂದೊಂದನ್ನೂ ಅಂಕಿಗಳ ಸಮೇತ ಮುಂದಿಟ್ಟರು. ಪಾಟೀಸವಾಲಿಗೆ ಅಳುಕಲಿಲ್ಲ. ಒಳ್ಳೆಯ ಹೆಸರು ಬಂತು.

ಆದರೆ ಅದೇ ಪ್ರವಾಸದಲ್ಲಿ ದೊಡ್ಡ ಪೆಟ್ಟೂ ಬಿತ್ತು. ಪುಣೆಯಲ್ಲಿ ಪ್ಲೇಗು. ಮನೆ ಮನೆ ತಪಾಸಣೆಗೆ ಸೋಲ್ಜರುಗಳನ್ನು ಬಿಟ್ಟಿದ್ದರು. ಅವರು ಹೆಂಗಸರ ಮೇಲೆ ಅತ್ಯಾಚಾರ ಮಾಡಿದರೆಂದು ಊರಿನಿಂದ ಬಂದ ಪತ್ರಗಳನ್ನು ನಂಬಿ ಗೋಖಲೆ ಇಂಗ್ಲೆಂಡಿನಲ್ಲಿ ಬಹಿರಂಗವಾಗಿ ಆರೋಪ ಮಾಡಿದರು. ಮುಂಬಯಿಗೆ ಮರಳಿದಾಗ ಸಾಕ್ಷಿ ಹೇಳಲು ಒಬ್ಬರೂ ಮುಂದೆ ಬರಲಿಲ್ಲ. ಪತ್ರ ಬರೆದವರ ಹೆಸರು ಹೇಳಿದರೆ ಅವರಿಗೆ ಜೈಲು. ಗೋಖಲೆ ಹೆಸರು ಹೇಳಲಿಲ್ಲ, ಷರತ್ತಿಲ್ಲದ ಕ್ಷಮಾಪಣೆ ಬರೆದುಕೊಟ್ಟರು. ಊರೆಲ್ಲ ಅವರನ್ನು ಹೇಡಿ ಎಂದಿತು. ಕಾಂಗ್ರೆಸ್ಸಿನಲ್ಲೂ ಮುಖ ತಿರುಗಿಸಿದವರಿದ್ದರು. ಆ ನೋವು ಅವರನ್ನು ಬಹಳ ಕಾಲ ಬಿಡಲಿಲ್ಲ. ಮುಂದೆ ಶಾಸನಸಭೆಯಲ್ಲಿ ಅವರು ಆಡಿದ ಮಾತಿನಲ್ಲಿ ಆಧಾರವಿಲ್ಲದ ಅಂಕಿ ಸಿಗುವುದು ಕಷ್ಟ. ಆ ಎಚ್ಚರದ ಹಿಂದೆ 1897ರ ಈ ಸುಟ್ಟ ಗಾಯ ಇದ್ದಿರಬೇಕು ಎಂದು ಊಹಿಸುವುದು ತಪ್ಪಾಗಲಾರದು.

*

1899ರ ಕೊನೆಗೆ ಮುಂಬಯಿ ಶಾಸನಸಭೆಗೆ ಆಯ್ಕೆಯಾದರು. 1901ರಲ್ಲಿ ರೈತರ ಭೂಮಿಯ ಹಕ್ಕನ್ನು ಮೊಟಕು ಮಾಡುವ ಭೂಕಂದಾಯ ತಿದ್ದುಪಡಿ ಮಸೂದೆ ಬಂದಾಗ ಫಿರೋಜಶಾ ಮೆಹತಾ ಎದ್ದು ಹೊರನಡೆದರು, ಗೋಖಲೆಯವರೂ ಅವರ ಹಿಂದೆ ನಡೆದರು. ಸಭಾತ್ಯಾಗ ಎಂಬುದು ಅಂದಿನ ಕಾಲಕ್ಕೆ ಹೊಸದು. ಇಂದಿನ ಹಾಗೆ ದಿನಕ್ಕೆರಡು ಸಲ ನಡೆಯುವ ಸಂಗತಿ ಆಗಿರಲಿಲ್ಲ! ಅದೇ ವರ್ಷ ಮೆಹತಾ ಆರೋಗ್ಯದ ಕಾರಣ ಬಿಟ್ಟ ಸ್ಥಾನಕ್ಕೆ ಗೋಖಲೆ ಆಯ್ಕೆಯಾಗಿ ಕಲ್ಕತ್ತೆಯ ಇಂಪೀರಿಯಲ್ ಲೆಜಿಸ್ಲೇಟಿವ್ ಕೌನ್ಸಿಲಿಗೆ, ಅಂದರೆ ವೈಸರಾಯರ ಶಾಸನಸಭೆಗೆ ಹೋದರು.

ಆ ಸಭೆ ಎಂಥದು ಎಂಬುದನ್ನು ತಿಳಿಯದೆ ಗೋಖಲೆಯವರ ಕೆಲಸದ ಬೆಲೆ ತಿಳಿಯದು. 1892ರ ಕಾಯಿದೆಯ ಪ್ರಕಾರ ವೈಸರಾಯರೇ ಅಧ್ಯಕ್ಷರು. ಹೊರಗಿನಿಂದ ಸೇರಿಸಿಕೊಳ್ಳುವ ಸದಸ್ಯರು ಹೆಚ್ಚೆಂದರೆ 16, ಅದರಲ್ಲೂ ಅಧಿಕಾರಿಗಳು. ಎಣಿಸಿ ನೋಡಿದರೆ ಯಾವಾಗಲೂ ಸರ್ಕಾರದ್ದೇ ಬಹುಮತ. ಬಜೆಟ್ಟಿನ ಮೇಲೆ ವರ್ಷಕ್ಕೊಂದು ಸಲ ಮಾತಾಡಬಹುದು, ಅಷ್ಟೆ. ಮತ ಹಾಕುವಂತಿಲ್ಲ. ಒಂದು ಪೈ ಕಡಿಮೆ ಮಾಡಿ ಎಂದು ಗೊತ್ತುವಳಿ ತರುವಂತಿಲ್ಲ. ಮಾತು ಮುಗಿಯುವ ಮೊದಲೇ ಬಜೆಟ್ ಪಾಸಾಗಿದ್ದ ಹಾಗೆಯೇ. ಗೆಲ್ಲುವ ಆಸೆಯೇ ಇಲ್ಲದ ಆಟ. ಇಂಥ ಕಡೆ ಜನ ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತಾರೆ: ಹೊಗಳಿ ಬಿರುದು ಪಡೆಯುತ್ತಾರೆ, ಇಲ್ಲವೇ ಬೈದು ಚಪ್ಪಾಳೆ ಪಡೆಯುತ್ತಾರೆ. ಗೋಖಲೆ ಮೂರನೆಯದೊಂದನ್ನು ಹಿಡಿದರು. ಲೆಕ್ಕದ ಪುಸ್ತಕ ತೆಗೆದರು.

*

1902ರ ಮಾರ್ಚ್ 26. ಅಧ್ಯಕ್ಷ ಪೀಠದಲ್ಲಿ ಲಾರ್ಡ್ ಕರ್ಜನ್. ಹಣಕಾಸಿನ ಸದಸ್ಯ ಸರ್ ಎಡ್ವರ್ಡ್ ಲಾ. ಬಜೆಟ್ಟಿನಲ್ಲಿ ಸುಮಾರು 7 ಕೋಟಿ ರೂಪಾಯಿ ಉಳಿತಾಯ ತೋರಿಸಿ ಸರ್ಕಾರ ಬೀಗುತ್ತಿತ್ತು. ಬರಗಾಲ ಕಳೆದು ಇಷ್ಟು ಬೇಗ ಇಷ್ಟು ಉಳಿತಾಯ ಅಂದರೆ ದೇಶ ಸುಭಿಕ್ಷವಾಗಿದೆ ಎಂದಲ್ಲವೇ? ಸಭೆಯಲ್ಲಿ ಅಭಿನಂದನೆಗಳು ನಡೆದಿದ್ದವು. ಆಗ 35 ವರ್ಷದ ಗೋಖಲೆ ಎದ್ದು ನಿಂತು, ಈ ಅಭಿನಂದನೆಯಲ್ಲಿ ಸೇರಲು ತಮ್ಮ ಮನಸ್ಸಾಕ್ಷಿ ಒಪ್ಪುವುದಿಲ್ಲ ಎಂದು ಶುರುಮಾಡಿದರು.

ಅವರ ವಾದವನ್ನು ನಮ್ಮ ಕಾಮರ್ಸ್ ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಮಾಡಿ ನೋಡಬಹುದು. ಭಾರತ ಸರ್ಕಾರ ಪ್ರತಿ ವರ್ಷ ಇಂಗ್ಲೆಂಡಿಗೆ ಹೋಂ ಚಾರ್ಜಸ್ ಎಂದು ಒಂದೂವರೆ ಕೋಟಿಗೂ ಹೆಚ್ಚು ಪೌಂಡು ಕಳಿಸಬೇಕಿತ್ತು. ಪಿಂಚಣಿ, ಸಾಲದ ಬಡ್ಡಿ, ಇಂಡಿಯಾ ಆಫೀಸಿನ ಖರ್ಚು ಎಲ್ಲ ಅದರಲ್ಲಿ. ಪಾವತಿ ಪೌಂಡಿನಲ್ಲಿ, ತೆರಿಗೆ ವಸೂಲಿ ರೂಪಾಯಿಯಲ್ಲಿ. 1894–95ರಲ್ಲಿ ಬೆಳ್ಳಿಯ ಬೆಲೆ ಬಿದ್ದು ಒಂದು ರೂಪಾಯಿಗೆ ಸುಮಾರು 13 ಪೆನ್ಸ್ ಮಾತ್ರ ಸಿಗುತ್ತಿತ್ತು. ಒಂದು ಪೌಂಡಿಗೆ 240 ಪೆನ್ಸ್, ಅಂದರೆ ಪೌಂಡೊಂದಕ್ಕೆ ಹದಿನೆಂಟೂವರೆ ರೂಪಾಯಿಯ ಹತ್ತಿರ ಕೊಡಬೇಕು. ಆ ಕಷ್ಟ ತುಂಬಿಸಲೆಂದೇ ಸರ್ಕಾರ ತೆರಿಗೆಗಳನ್ನು ಏರಿಸಿತ್ತು. ಮುಂದೆ ರೂಪಾಯಿಯ ಬೆಲೆ 16 ಪೆನ್ಸಿಗೆ ನಿಂತಿತು. ಈಗ ಪೌಂಡಿಗೆ 15 ರೂಪಾಯಿ ಕೊಟ್ಟರೆ ಸಾಕು. ಪೌಂಡೊಂದಕ್ಕೆ ಮೂರೂವರೆ ರೂಪಾಯಿ ಉಳಿಯಿತು. ಅದನ್ನು ಒಂದೂವರೆ ಕೋಟಿಯಿಂದ ಗುಣಿಸಿ ನೋಡಿ. ಐದು ಕೋಟಿ ರೂಪಾಯಿ ದಾಟುತ್ತದೆ!

ಕಷ್ಟ ಹೋಯಿತು, ಕಷ್ಟಕ್ಕೆಂದು ಹಾಕಿದ ತೆರಿಗೆ ಮಾತ್ರ ಹೋಗಲಿಲ್ಲ. ಉಳಿತಾಯದ ಗುಟ್ಟು ಇಷ್ಟೇ. ದೇಶ ಶ್ರೀಮಂತವಾಗಿ ಉಳಿದ ಹಣವಲ್ಲ ಇದು, ಬಡವನ ಜೇಬಿನಿಂದ ಬೇಕಾದ್ದಕ್ಕಿಂತ ಹೆಚ್ಚು ತೆಗೆದ ಹಣ ಎಂದು ಗೋಖಲೆ ತೋರಿಸಿದರು. ಇದರಿಂದ ಎರಡು ಕಡೆ ಅನ್ಯಾಯ. ಬರಗಾಲದಲ್ಲಿ ಬೆಂದ ಜನರಿಂದ ಹೆಚ್ಚಿಗೆ ಕಿತ್ತದ್ದು ಒಂದು. ಪೆಟ್ಟಿಗೆ ತುಂಬಿದೆ ಎಂದು ನೋಡಿದ ಕೂಡಲೇ ಸೈನ್ಯದವರು, ಇಲಾಖೆಯವರು ಕೈಯೊಡ್ಡಿ ಖರ್ಚು ಬೆಳೆಸುವುದು ಇನ್ನೊಂದು. ಉಳಿತಾಯ ತೋರಿಸುವ ಸರ್ಕಾರವನ್ನು ಒಳ್ಳೆಯ ಸಂಸಾರಿ ಎಂದು ಹೊಗಳುವ ನಮಗೆ ಈ ಮಾತು ಇವತ್ತಿಗೂ ಸ್ವಲ್ಪ ಚುಚ್ಚುತ್ತದೆ.

ಈ ಭಾಷಣದ ಹಿಂದೆ ಇನ್ನೊಬ್ಬರಿದ್ದರು. ಗಣೇಶ ವೆಂಕಟೇಶ ಜೋಶಿ ಎಂಬ ಶಾಲಾ ಮಾಸ್ತರರು. ಸೋಲಾಪುರದ ಕಡೆ ಸರ್ಕಾರಿ ಶಾಲೆಗಳಲ್ಲಿ ಕೆಲಸ ಮಾಡಿದವರು, ರಾನಡೆಯವರದೇ ಬಳಗ. ಸರ್ಕಾರಿ ನೌಕರರಾದ್ದರಿಂದ ತಾವು ವೇದಿಕೆ ಏರುವಂತಿರಲಿಲ್ಲ. ಅಂಕಿಗಳನ್ನು ತೆಗೆದು, ಕೋಷ್ಟಕ ಮಾಡಿ, ಟಿಪ್ಪಣಿ ಬರೆದು ಗೋಖಲೆಯವರಿಗೆ ಕಳಿಸುತ್ತಿದ್ದರು. ಒಬ್ಬ ಮಾಸ್ತರರು ಲೆಕ್ಕ ಮಾಡಿದರು, ಇನ್ನೊಬ್ಬ ಮಾಸ್ತರರು ಎದ್ದು ಹೇಳಿದರು, ವೈಸರಾಯರು ಕೂತು ಕೇಳಿದರು. ಜೋಶಿಯವರ ಹೆಸರಿನಲ್ಲಿ ದಾದರಿನಲ್ಲಿ ರಸ್ತೆಯಿಲ್ಲ. ಅದಕ್ಕೇ ಇಲ್ಲಿ ಹೇಳಿದ್ದು.

*

ಆಮೇಲೆ ಪ್ರತಿ ಮಾರ್ಚ್ ತಿಂಗಳೂ ಗೋಖಲೆಯವರ ಬಜೆಟ್ ಭಾಷಣಕ್ಕೆ ಜನ ಕಾಯತೊಡಗಿದರು. ಪತ್ರಿಕೆಗಳು ಪೂರ್ತಿ ಅಚ್ಚು ಹಾಕಿದವು. ಹಣಕಾಸಿನ ಸದಸ್ಯರಿಗೆ ಇವರು ಏನು ಹೇಳುತ್ತಾರೋ ಎಂಬ ಆತಂಕ. ಅವರು ಹಿಡಿದ ವಿಷಯಗಳು ನಾಲ್ಕಾರು, ಆದರೆ ಅವುಗಳನ್ನು ಬಿಡಲಿಲ್ಲ.

ಮೊದಲನೆಯದು ಉಪ್ಪು. 1888ರಲ್ಲಿ ಉಪ್ಪಿನ ತೆರಿಗೆಯನ್ನು ಮಣಕ್ಕೆ 2 ರೂಪಾಯಿಯಿಂದ ಎರಡೂವರೆಗೆ ಏರಿಸಿದ್ದರು. ತೆರಿಗೆ ಏರಿದ ಮೇಲೆ ಜನ ತಿನ್ನುವ ಉಪ್ಪೇ ಕಡಿಮೆಯಾಗಿದೆ ಎಂದು ಗೋಖಲೆ ಅಂಕಿ ತೋರಿಸಿದರು. ಬಡವ ಉಪ್ಪಿನಲ್ಲೂ ಉಳಿಸಬೇಕಾಗಿ ಬಂದರೆ ಅವನ ಗಂಜಿಯ ಗತಿಯೇನು? 1903ರಲ್ಲಿ ತೆರಿಗೆ 2 ರೂಪಾಯಿಗೆ ಇಳಿಯಿತು, 1905ರಲ್ಲಿ ಒಂದೂವರೆಗೆ, 1907ರಲ್ಲಿ 1 ರೂಪಾಯಿಗೆ. 1903ರಲ್ಲೇ ಆದಾಯ ತೆರಿಗೆಯ ವಿನಾಯಿತಿ 500 ರೂಪಾಯಿಯಿಂದ 1000ಕ್ಕೆ ಏರಿತು. ಇದೆಲ್ಲ ಗೋಖಲೆ ಒಬ್ಬರಿಂದಲೇ ಆಯಿತು ಎನ್ನಲಾಗದು. ಕಾಂಗ್ರೆಸ್ಸು ವರ್ಷಗಳಿಂದ ಕೇಳುತ್ತಿತ್ತು, ಸರ್ಕಾರದೊಳಗೂ ಯೋಚನೆ ನಡೆದಿತ್ತು. ಆದರೆ ಪೆಟ್ಟಿಗೆಯಲ್ಲಿ ಹಣವಿಲ್ಲ ಎಂಬ ನೆಪ ಹೇಳಲಾಗದ ಹಾಗೆ ಬಾಗಿಲು ಮುಚ್ಚಿದ್ದು ಅವರ ಲೆಕ್ಕ.

ಎರಡನೆಯದು ಬಟ್ಟೆ. ಇದು ಮುಂಬಯಿಯ ಗಿರಣಿಗಳ ಕಥೆ, ನಮ್ಮ ಕನ್ನಡದವರೂ ಎಷ್ಟೋ ಜನ ದುಡಿದ ಗಿರಣಿಗಳು. ಸರ್ಕಾರಕ್ಕೆ ಹಣ ಬೇಕಾದಾಗ ಪರದೇಶದ ಬಟ್ಟೆಗೆ ಆಮದು ಸುಂಕ ಹಾಕಿತು. ಲ್ಯಾಂಕಷೈರಿನ ಗಿರಣಿ ಮಾಲೀಕರು ಗದ್ದಲ ಎಬ್ಬಿಸಿದರು. 1896ರಲ್ಲಿ ಆಮದು ಸುಂಕವನ್ನು ನೂರಕ್ಕೆ ಮೂರೂವರೆಗೆ ಇಳಿಸಿ, ಇಲ್ಲಿಯ ಗಿರಣಿಗಳಲ್ಲಿ ನೇಯ್ದ ಬಟ್ಟೆಯ ಮೇಲೂ ಅಷ್ಟೇ ಸುಂಕ ಹಾಕಿದರು. ತನ್ನ ದೇಶದ ಉದ್ಯಮಕ್ಕೆ ಪರದೇಶದವರ ಸಲುವಾಗಿ ದಂಡ ಹಾಕುವ ಸರ್ಕಾರ ಬೇರೆಲ್ಲಾದರೂ ಉಂಟೇ? ಗೋಖಲೆ ಇದನ್ನು ಮತ್ತೆ ಮತ್ತೆ ಎತ್ತಿದರು. ಅವರ ಕಾಲದಲ್ಲಿ ಆ ಸುಂಕ ಹೋಗಲಿಲ್ಲ. 1925ರಲ್ಲಿ ನಿಂತು 1926ರಲ್ಲಿ ರದ್ದಾಯಿತು. ಆಗ ಅವರು ತೀರಿಕೊಂಡು 11 ವರ್ಷ.

ಹಾಗಂತ ಸ್ವದೇಶಿ ಬಂಡವಾಳಗಾರ ಹೇಳಿದ್ದಕ್ಕೆಲ್ಲ ತಲೆದೂಗುವವರೂ ಅವರಲ್ಲ. 1911ರ ಮಾರ್ಚಿನಲ್ಲಿ ಪಂಡಿತ ಮದನ ಮೋಹನ ಮಾಳವೀಯರು ಸಕ್ಕರೆಯ ಆಮದು ಸುಂಕ ಏರಿಸಬೇಕೆಂದಾಗ ಗೋಖಲೆ ಬಹಳ ಎಚ್ಚರದಿಂದ ಮಾತಾಡಿದರು. ರಕ್ಷಣಾ ಸುಂಕದಲ್ಲಿ ಸರಿಯಾದ ಬಗೆಯದೂ ಉಂಟು, ತಪ್ಪು ಬಗೆಯದೂ ಉಂಟು. ಬೆಳೆಯುವ ಉದ್ಯಮಕ್ಕೆ ಆಸರೆಯಾದರೆ ಸರಿ. ಆದರೆ ಸರ್ಕಾರ ಜನಕ್ಕೆ ಜವಾಬು ಹೇಳದ ದೇಶದಲ್ಲಿ ಅದು ಬಲಾಢ್ಯ ವ್ಯಾಪಾರಿ ಕೂಟಗಳ ಕೈಗೆ ಸಿಕ್ಕು, ಸಾಮಾನ್ಯ ಕೊಳ್ಳುಗನೇ ಬೆಲೆ ತೆರಬೇಕಾಗುತ್ತದೆ ಎಂಬುದು ಅವರ ಭಯ. ಅಂಗಡಿಗೆ ಹೋಗಿ ಸಕ್ಕರೆ ಕೊಳ್ಳುವವನ ಕಡೆಯಿಂದಲೂ ಒಂದು ಮಾತು ಇರಬೇಕು ಎಂದು ನೆನಪಿಟ್ಟ ದೇಶಭಕ್ತರು ಅಂದು ಕಡಿಮೆ. ಇಂದೇನು ಹೆಚ್ಚಾಗಿಲ್ಲ.

ಮೂರನೆಯದು ಸೈನ್ಯ ಮತ್ತು ರೈಲು. ದೇಶದ ಗಡಿಯಾಚೆ ಸಾಮ್ರಾಜ್ಯದ ಕೆಲಸಕ್ಕೆ ಬಳಸುವ ಸೈನ್ಯದ ಭಾರವನ್ನು ಭಾರತದ ರೈತ ಏಕೆ ಹೊರಬೇಕು ಎಂದು ಕೇಳಿದರು. ರೈಲುದಾರಿ ಬೇಕು, ಸರಿ, ಆದರೆ ಅದು ನೂರು ವರ್ಷ ಬಾಳುವ ಆಸ್ತಿ. ಅದನ್ನು ಸಾಲ ತಂದು ಕಟ್ಟಬೇಕು. ಈ ವರ್ಷದ ತೆರಿಗೆಯಲ್ಲಿ ಉಳಿದದ್ದನ್ನು ಅದಕ್ಕೆ ಸುರಿಯಬಾರದು. ಉಳಿದ ಹಣ ಶಾಲೆಗೆ, ಕುಡಿಯುವ ನೀರಿಗೆ, ಊರಿನ ನೈರ್ಮಲ್ಯಕ್ಕೆ ಹೋಗಲಿ ಎಂಬುದು ಅವರ ವಾದ. ಸಾರ್ವಜನಿಕ ವೆಚ್ಚ ಹೀಗೆ ಏಕೆ ಏರುತ್ತಿದೆ ಎಂಬ ಬಗ್ಗೆ ತನಿಖೆಯಾಗಬೇಕೆಂದು 1911ರ ಜನವರಿಯಲ್ಲಿ ಗೊತ್ತುವಳಿಯನ್ನೇ ತಂದರು.

ಗೊತ್ತುವಳಿ ತರಲು ಸಾಧ್ಯವಾದದ್ದು 1909ರ ಮಿಂಟೋ–ಮಾರ್ಲೆ ಸುಧಾರಣೆಯಿಂದ. ಸಭೆ ದೊಡ್ಡದಾಯಿತು, ಗೊತ್ತುವಳಿ ತಂದು ಮತಕ್ಕೆ ಹಾಕಬಹುದಾಯಿತು. ಸರ್ಕಾರದ ಬಹುಮತ ಮಾತ್ರ ಹಾಗೆಯೇ ಉಳಿಯಿತು. ಈ ಹೊಸ ಅಧಿಕಾರವನ್ನು ಗೋಖಲೆ ಬೇಗ ಬಳಸಿದ್ದು ಒಂದು ಕೆಟ್ಟ ವ್ಯಾಪಾರದ ಮೇಲೆ, ಮನುಷ್ಯರ ವ್ಯಾಪಾರದ ಮೇಲೆ. ನಮ್ಮ ಬಡವರನ್ನು ಕರಾರಿನ ಕೂಲಿಗಳೆಂದು ಹಡಗು ಹತ್ತಿಸಿ ದಕ್ಷಿಣ ಆಫ್ರಿಕದ ನಟಾಲಿನ ಕಬ್ಬಿನ ತೋಟಗಳಿಗೆ ಸಾಗಿಸುತ್ತಿದ್ದರು. 1910ರ ಫೆಬ್ರವರಿ 25ರಂದು ಇದನ್ನು ನಿಲ್ಲಿಸಬೇಕೆಂದು ಅವರು ಗೊತ್ತುವಳಿ ತಂದರು, ಸರ್ಕಾರ ಒಪ್ಪಿತು. 1911ರ ಜುಲೈ 1ರಿಂದ ನಟಾಲಿಗೆ ಕೂಲಿಗಳ ರವಾನೆ ನಿಂತಿತು. 1912ರ ಮಾರ್ಚಿನಲ್ಲಿ ಎಲ್ಲ ದೇಶಗಳಿಗೂ ಈ ಪದ್ಧತಿ ರದ್ದಾಗಲಿ ಎಂದಾಗ ಮಾತ್ರ ಸರ್ಕಾರ ಸೋಲಿಸಿತು.

*

ಅವರ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ಕೆಲಸ ಶಾಲೆಯದು. ಐದು ಹಳ್ಳಿಗಳಲ್ಲಿ ನಾಲ್ಕಕ್ಕೆ ಶಾಲೆಯಿಲ್ಲ, ಎಂಟು ಮಕ್ಕಳಲ್ಲಿ ಏಳು ಅಕ್ಷರವಿಲ್ಲದೆ ಬೆಳೆಯುತ್ತಿವೆ ಎಂದು ಅವರು ಮೊದಲಿನಿಂದಲೂ ಹೇಳುತ್ತಿದ್ದರು. 1911ರ ಜನಗಣತಿಯಲ್ಲಿ ಓದುಬರಹ ಬಲ್ಲವರು ನೂರಕ್ಕೆ 6 ಜನ. ಬಡೋದೆಯ ಸಯ್ಯಾಜಿರಾವ್ ಮಹಾರಾಜರು ತಮ್ಮ ಸಂಸ್ಥಾನದಲ್ಲಿ ಕಡ್ಡಾಯ ಶಿಕ್ಷಣ ತಂದು ತೋರಿಸಿದ್ದರು. ಒಬ್ಬ ಮಹಾರಾಜ ಮಾಡಬಲ್ಲದ್ದು ಸಾಮ್ರಾಜ್ಯಕ್ಕೆ ಆಗದೇ?

1911ರ ಮಾರ್ಚ್ 16ರಂದು ಗೋಖಲೆ ಪ್ರಾಥಮಿಕ ಶಿಕ್ಷಣ ಮಸೂದೆ ಮಂಡಿಸಿದರು. ಮಸೂದೆ ಬಹಳ ಸಾಧು. ಎಲ್ಲ ಕಡೆ ಒಮ್ಮೆಲೇ ಕಡ್ಡಾಯ ಎಂದಿರಲಿಲ್ಲ. ಮಕ್ಕಳು ಆಗಲೇ ತಕ್ಕಮಟ್ಟಿಗೆ ಶಾಲೆಗೆ ಬರುತ್ತಿರುವ ಊರುಗಳಲ್ಲಿ, ಅಲ್ಲಿಯ ಮುನಿಸಿಪಾಲಿಟಿ ಅಥವಾ ಲೋಕಲ್ ಬೋರ್ಡು ಇಷ್ಟಪಟ್ಟರೆ, ಸರ್ಕಾರದ ಒಪ್ಪಿಗೆ ಪಡೆದು, 6ರಿಂದ 10 ವರ್ಷದ ಹುಡುಗರಿಗೆ ಕಡ್ಡಾಯ ಮಾಡಬಹುದು. ಹುಡುಗಿಯರಿಗೆ ನಿಧಾನವಾಗಿ ಮುಂದೆ. ಖರ್ಚಿನ ದೊಡ್ಡ ಪಾಲು ಸರ್ಕಾರದ್ದು, ಉಳಿದದ್ದು ಊರಿನದು. ಎಷ್ಟು ಖರ್ಚು, ಎಲ್ಲಿಂದ ಹಣ, ಎಲ್ಲದಕ್ಕೂ ಲೆಕ್ಕ ಕೊಟ್ಟರು. ಬೇರೆಯವರ ಖರ್ಚನ್ನು ಹತ್ತು ವರ್ಷ ತಪಾಸಣೆ ಮಾಡಿದವರು ತಾವು ಕೇಳುವ ಖರ್ಚಿಗೂ ಲೆಕ್ಕ ಒಪ್ಪಿಸಿದರು. ಇದು ಗಮನಿಸಬೇಕಾದ ಮಾತು.

1912ರ ಮಾರ್ಚ್ 18, 19ರಂದು ಚರ್ಚೆ. ಸೆಲೆಕ್ಟ್ ಕಮಿಟಿಗೆ ಕಳಿಸಿ ಎಂದಷ್ಟೇ ಕೋರಿಕೆ. ಹಣವಿಲ್ಲ, ಜನ ತಯಾರಿಲ್ಲ, ಕಡ್ಡಾಯ ಬೇಡ ಎಂದು ಸರ್ಕಾರ ಎದುರಾಯಿತು. ನಮ್ಮವರೇ ಕೆಲವು ಜಮೀನ್ದಾರರೂ ವಿರೋಧಿಸಿದರು. ಹೊಲದಲ್ಲಿ ದುಡಿಯುವ ಹುಡುಗ ಶಾಲೆಗೆ ಹೋದರೆ ದನ ಕಾಯುವವರು ಯಾರು, ಅಲ್ಲವೇ! ಸೋಲುತ್ತದೆ ಎಂದು ಗೋಖಲೆಯವರಿಗೆ ಮೊದಲೇ ಗೊತ್ತಿತ್ತು. ತಮ್ಮ ಕಾಲದವರು ಸೋಲಿನಿಂದಲೇ ದೇಶಸೇವೆ ಮಾಡಬೇಕಾಗಿದೆ, ಗೆಲುವು ಮುಂದಿನವರಿಗೆ ಎಂಬ ಅರ್ಥದ ಮಾತಾಡಿ ಕೂತರು. ಮತ ಎಣಿಸಿದಾಗ ಪರವಾಗಿ 13, ವಿರುದ್ಧ 38.

*

ಗೋಖಲೆಯವರಿಗೆ ಟೀಕಾಕಾರರು ಕಡಿಮೆಯಿರಲಿಲ್ಲ. ಟಿಳಕರ ಕಡೆಯವರಿಗೆ ಅವರು ತೀರ ಮೆತ್ತಗಿನ ಮನುಷ್ಯ. 1907ರಲ್ಲಿ ಸೂರತ್ತಿನಲ್ಲಿ ಕಾಂಗ್ರೆಸ್ ಒಡೆದಾಗ ಇಬ್ಬರೂ ಎದುರು ಬದುರು. ಕರ್ಜನ್ನನಿಂದ ಸಿ.ಐ.ಇ. ಪದವಿ ಪಡೆದಿದ್ದಾರೆಂಬ ಮಾತು ಬೇರೆ. ಅದೇ ಗೋಖಲೆ 1905ರ ಬನಾರಸ್ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಕರ್ಜನ್ನನ ಆಡಳಿತವನ್ನು ಔರಂಗಜೇಬನ ಆಡಳಿತಕ್ಕೆ ಹೋಲಿಸಿದರು ಎಂಬುದನ್ನು, ಮುಂದೆ ನೈಟ್ ಪದವಿ ಬಂದಾಗ ಬೇಡವೆಂದರು ಎಂಬುದನ್ನು ಮರೆಯಬಾರದು. ಹಾಗೆಯೇ 1910ರ ಪತ್ರಿಕಾ ಕಾಯಿದೆಯನ್ನು ಅವರು ಕಟುವಾಗಿ ಎದುರಿಸಲಿಲ್ಲ ಎಂಬ ದೋಷವನ್ನೂ ಮರೆಯಬೇಕಾಗಿಲ್ಲ. ಸರ್ಕಾರವನ್ನು ವಾದದಿಂದ ಒಲಿಸಬಹುದು ಎಂಬ ಅವರ ನಂಬಿಕೆ ಹಲವು ಸಲ ಅವರ ಕೈಕಟ್ಟಿತು.

ಆದರೆ ಒಂದು ಮಾತು. ಬೀದಿಯಲ್ಲಿ ಜನರನ್ನು ಎಬ್ಬಿಸುವವರು ಬೇಕು, ಸಭೆಯಲ್ಲಿ ಕೂತು ಲೆಕ್ಕ ಹಿಡಿಯುವವರೂ ಬೇಕು. ಎರಡನೆಯ ಕೆಲಸಕ್ಕೆ ಹಾರ ಬೀಳುವುದಿಲ್ಲ, ಜೈಲೂ ಆಗುವುದಿಲ್ಲ. ನಿದ್ದೆಗೆಟ್ಟು ಓದಬೇಕು, ಅಷ್ಟೆ. ಆ ಓದಿನಿಂದ, ಓಡಾಟದಿಂದ ಗೋಖಲೆಯವರ ದೇಹ ಸವೆಯಿತು. ಸಕ್ಕರೆ ಕಾಯಿಲೆ. ಇನ್ಸುಲಿನ್ ಇನ್ನೂ ಬಂದಿರಲಿಲ್ಲ. 1905ರ ಜೂನ್ 12ರಂದು ಪುಣೆಯಲ್ಲಿ ಕಟ್ಟಿದ ಭಾರತ ಸೇವಕ ಸಮಾಜದ ಹೊಣೆ, 1912ರಲ್ಲಿ ಗಾಂಧೀಜಿಯ ಹೋರಾಟ ನೋಡಲು ದಕ್ಷಿಣ ಆಫ್ರಿಕದ ಪ್ರವಾಸ, ಆಮೇಲೆ ಸರ್ಕಾರಿ ನೌಕರಿಗಳ ಬಗ್ಗೆ ಕೂತ ರಾಯಲ್ ಕಮಿಷನ್ನಿನ ದುಡಿಮೆ. 1915ರ ಫೆಬ್ರವರಿ 19ರಂದು ಪುಣೆಯಲ್ಲಿ ತೀರಿಕೊಂಡರು. 49 ತುಂಬಿರಲಿಲ್ಲ. ಜೀವನವಿಡೀ ಎದುರಾಳಿಯಾಗಿದ್ದ ಟಿಳಕರು ಸ್ಮಶಾನಕ್ಕೆ ಬಂದು, ಅವರನ್ನು ನೋಡಿ ನಡೆಯಿರಿ ಎಂದು ಜನಕ್ಕೆ ಹೇಳಿದರು.

*

ಅದೇ ವರ್ಷ ಮೇ ತಿಂಗಳಲ್ಲಿ ಗಾಂಧೀಜಿ ಮೊದಲ ಸಲ ಬೆಂಗಳೂರಿಗೆ ಬಂದರು. ಬಂದ ಕೆಲಸ ಗೋಖಲೆಯವರ ಭಾವಚಿತ್ರದ ಅನಾವರಣ. ಕರೆಸಿದವರಲ್ಲಿ ಮುಂದಾಗಿದ್ದವರು ಆಗಿನ್ನೂ ತರುಣ ಪತ್ರಕರ್ತರಾಗಿದ್ದ ನಮ್ಮ ಡಿ.ವಿ. ಗುಂಡಪ್ಪನವರು. ಡಿ.ವಿ.ಜಿ. ಗೋಖಲೆಯವರ ಜೀವನ ಚರಿತ್ರೆಯನ್ನು ಕನ್ನಡದಲ್ಲಿ ಬರೆದರು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಮಂಕುತಿಮ್ಮನ ಕಗ್ಗದ ಕವಿ ಎಂದು ನಾವು ಬಲ್ಲ ಡಿ.ವಿ.ಜಿ. ಬಜೆಟ್ಟಿನ ಅಂಕಿಗಳನ್ನೂ ಕಾಯಿದೆಯ ಕರಡನ್ನೂ ಕೂತು ಓದುತ್ತಿದ್ದ ಸಾರ್ವಜನಿಕರು. ರಾಜಕೀಯಕ್ಕೆ ಅಧ್ಯಯನ ಬೇಕು ಎಂಬ ಗೋಖಲೆ ಪಾಠ ಕನ್ನಡದಲ್ಲಿ ಹೀಗೆ ಮನೆ ಮಾಡಿತು.

ಉಳಿದ ಲೆಕ್ಕವನ್ನೂ ಹೇಳಿಬಿಡೋಣ. 1918ರಲ್ಲಿ ವಿಠಲಭಾಯಿ ಪಟೇಲರ ಯತ್ನದಿಂದ ಮುಂಬಯಿ ಪ್ರಾಂತದಲ್ಲಿ ಕಡ್ಡಾಯ ಶಿಕ್ಷಣದ ಕಾಯಿದೆ ಬಂತು. ಇಡೀ ದೇಶದಲ್ಲಿ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕಾಗಿ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. 13ಕ್ಕೆ 38ರ ಆ ಸೋಲಿನಿಂದ ಎಣಿಸಿದರೆ 98 ವರ್ಷ. ಇನ್ನು ಬಜೆಟ್ಟು. ಗೋಖಲೆಯವರಿಗೆ ಮಾತಿತ್ತು, ಮತವಿರಲಿಲ್ಲ. ಇಂದು ಲೋಕಸಭೆಯ ಮತವಿಲ್ಲದೆ ಸರ್ಕಾರ ಹೊಸ ತೆರಿಗೆ ಹಾಕುವಂತಿಲ್ಲ, ಇಲಾಖೆಗಳಿಗೆ ಹಣ ಕೊಡುವಂತಿಲ್ಲ. ಆದರೂ ಎಷ್ಟೋ ಇಲಾಖೆಗಳ ಬೇಡಿಕೆಗಳು ಚರ್ಚೆಯೇ ಇಲ್ಲದೆ ಒಂದೇ ಏಟಿಗೆ ಪಾಸಾಗುತ್ತವೆ. ಅವರ ಬಳಿ ಇಲ್ಲದ್ದು ನಮ್ಮ ಬಳಿ ಇದೆ, ಅವರ ಬಳಿ ಇದ್ದದ್ದು ಕಾಣೆಯಾಗುತ್ತಿದೆ.

ಪ್ರತಿ ಫೆಬ್ರವರಿಯಲ್ಲಿ ಬಜೆಟ್ಟಿನ ಕಾಗದಗಳು ಬರುತ್ತವೆ. ಯಾರು ಬೇಕಾದರೂ ಓದಬಹುದು. ನಮ್ಮಲ್ಲಿ ಬಿ.ಕಾಂ., ಎಂ.ಎ. ಓದುವವರು ಇಷ್ಟು ಜನ ಇದ್ದೇವೆ. ಯಾವ ಉಳಿತಾಯ ನಿಜವಾದದ್ದು, ಯಾವುದು ಬಡವನ ಉಪ್ಪಿನಿಂದ ತೆಗೆದದ್ದು ಎಂದು ಒಂದು ಸಂಜೆ ಕೂತು ಲೆಕ್ಕ ಹಾಕಿದರೆ ಆಗುತ್ತದೆ. ಒಬ್ಬ ಜೋಶಿ ಮಾಸ್ತರರಿಗೆ ಸೋಲಾಪುರದಲ್ಲಿ ಕೂತು ಆಗಿದ್ದು ನಮಗೆ ಆಗದೇ ಹೋದೀತೇ?